ತೇವದ ಡಬ್ಬಿಗಳ ಚಳಿಗಾಲ

ಪ್ರತಿಯೊಂದು ಮನೆತನದ ಇತಿಹಾಸದಲ್ಲೂ ನಿಂತ ಕಾಲಲ್ಲಿ ತೀರ್ಮಾನಿಸಲಾಗದ ಪ್ರಶ್ನೆಯೊಂದು ಎಂದಾದರೊಂದು ದಿನ ಎದುರಾಗುತ್ತದೆ. ನಮ್ಮ ಮನೆಗೆ ಅದು ಕಳೆದ ಚಳಿಗಾಲದ ಹೊಸ್ತಿಲಲ್ಲಿ ಬಂದು ನಿಂತಿತು. ಶೆಡ್ಡಿನಲ್ಲಿ ಓಡದೆ ನಿಂತ ಕಾರೊಂದರ ಹಿಂದಿನ ಸೀಟಿನ ಕೆಳಗಿರುವ ನೆಲಹಾಸು, ಹಿಮ ಕರಗುವ ಹೊತ್ತಿಗೆ ಒಣಗಿರುತ್ತದೆಯೋ ಇಲ್ಲವೋ ಎಂಬುದೇ ಆ ಪ್ರಶ್ನೆ. ದೇಶ ದೇಶಗಳ ಗಡಿಗಳು ಇದಕ್ಕಿಂತ ಕಡಿಮೆ ಚರ್ಚೆಯಲ್ಲಿ ನಿರ್ಧಾರವಾಗಿವೆ ಎಂದು ನನ್ನ ನಂಬಿಕೆ.

ಕಾರು ನನ್ನ ಅತ್ತೆಯದು, ಎಂದರೆ ನನ್ನ ಹೆಂಡತಿಯ ತಾಯಿಯದು. ಅವರೂ ಮಾವನವರೂ ಕೂಡಿ ಲಾಂಡ್ರಿ ನಡೆಸುತ್ತಾರೆ. ಕೆಳಗೆ ಲಾಂಡ್ರಿ, ಮೇಲೆ ಮನೆ, ಹಿಂದೆ ಅಂಗಳ. ಅಂಗಳದ ಒಂದು ಮಗ್ಗುಲಿಗೆ, ಲಾಂಡ್ರಿಯ ಹಿಂಗೋಡೆಗೆ ಆತುಕೊಂಡಂತೆ, ಈ ಕಥೆಯ ಶೆಡ್ಡು. ಮದುವೆಯಾದ ಮೇಲೆ ನಾನೂ ಮೇಲಿನ ಕೋಣೆಗಳಿಗೆ ಬಂದು ಸೇರಿಕೊಂಡೆ. ಅಂದಿನಿಂದ ನನ್ನ ಅಂಗಿಗಳು ಇಸ್ತ್ರಿಯಿಲ್ಲದೆ ಹೊರಗೆ ಹೋದದ್ದಿಲ್ಲ, ನನ್ನ ಅಭಿಪ್ರಾಯಗಳನ್ನು ಯಾರೂ ಕೇಳಿದ್ದೂ ಇಲ್ಲ.

ಕಾರನ್ನು ಕೊಟ್ಟವರು ಅತ್ತೆಯ ಅಣ್ಣ. ಟೆಲಿಫೋನ್ ಕಚೇರಿಯ ದೂರು ವಿಭಾಗದಲ್ಲಿ ಕೂತು ಊರಿನವರ ಗೋಳನ್ನೆಲ್ಲ ಕೇಳಿದವರು. ನಿವೃತ್ತಿಯಾದ ಮೇಲೆ ಅದನ್ನೆಲ್ಲ ಬಡ್ಡಿ ಸಮೇತ ಊರಿಗೆ ಹಿಂದಿರುಗಿಸುತ್ತಿರುವವರು. ಮನೆಯಲ್ಲಿ ಅವರಿಗೆ ತಕರಾರು ಮಾವ ಎಂದೇ ಹೆಸರು. ಬಿಸಿಲು ಬಂದರೆ ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಾರೆ, ಮೋಡ ಬಂದರೆ ಇದೇನು ಮಂಕು ಎನ್ನುತ್ತಾರೆ. ಆದರೆ ದೃಷ್ಟಿ ನಿಜಕ್ಕೂ ಮಂಜಾಗುತ್ತಾ ಬಂದು, ವೈದ್ಯರು ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದಾಗ, ಅದೊಂದರ ಬಗ್ಗೆ ಮಾತ್ರ ಅವರು ತುಟಿ ಬಿಚ್ಚಲಿಲ್ಲ. ಕೀಲಿಕೈ ತಂದು ತಂಗಿಯ ಅಂಗೈಗೆ ಹಾಕಿದರು.

"ನೀನು ಕಲ್ತುಕೋ. ಹಿಮ ಕರಗಿದ ಮೇಲೆ ನನ್ನನ್ನ ಸರೋವರದ ರಸ್ತೇಲಿ ಒಂದು ಸುತ್ತು ಕರ್ಕೊಂಡು ಹೋಗು. ಸರೋವರ ನನಗಿನ್ನೂ ಕಾಣೋವಾಗಲೇ" ಎಂದರು. ಆಮೇಲೆ ತಮ್ಮ ಸ್ವಭಾವ ನೆನಪಾಗಿ, "ನಿನ್ನ ಡ್ರೈವಿಂಗು ಕಾಣದೇ ಹೋದ್ರೂ ಪರವಾಗಿಲ್ಲ" ಎಂದು ಸೇರಿಸಿದರು.

ಅತ್ತೆ ಕಲಿತರು. ಕಾಲು ಪೆಡಲಿಗೆ ಎಟುಕಲು ಬೆನ್ನ ಹಿಂದೆ ಒಂದು ದಿಂಬು, ಕಣ್ಣು ಗಾಜಿಗೆ ಎಟುಕಲು ಕೆಳಗೆ ಇನ್ನೊಂದು ದಿಂಬು ಇಟ್ಟುಕೊಂಡು, ಹಟ ಹಿಡಿದು ಕಲಿತರು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮತ್ತೆ ಹೋದರು. ಕೊನೆಗೆ ಲೈಸೆನ್ಸು ಅಂಚೆಯಲ್ಲಿ ಬಂದ ಬೆಳಿಗ್ಗೆ ಅದನ್ನು ಕುತ್ತಿಗೆಗೆ ಹಾಕಿಕೊಳ್ಳುವುದೊಂದು ಬಾಕಿ. ಕೀಲಿಕೈ ಹಿಡಿದು ಬಾಗಿಲು ತೆರೆದರೆ ಹೊರಗೆ ವರ್ಷದ ಮೊದಲ ಹಿಮ ಬೀಳುತ್ತಿತ್ತು.

ಹಿಮ ಬಿದ್ದರೆ ನಗರಸಭೆಯವರು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪಿನ ಮೇಲೆ ಅಣ್ಣನ ಹಳೇ ಕಾರು ಓಡಿದರೆ ತಳದ ಕಬ್ಬಿಣ ಉದುರಿ ಹೋಗುತ್ತದೆ ಎಂದು ಮಾವನವರು ಹೇಳಿದರು. ಅದು ಸರಿ ಎಂದು ಅತ್ತೆಯೂ ಒಪ್ಪಿದರು. ಕಾರು ಚಳಿಗಾಲ ಕಳೆಯುವವರೆಗೆ ಶೆಡ್ಡಿನಲ್ಲಿ ನಿಲ್ಲಬೇಕು. ಇಲ್ಲಿಯವರೆಗೆ ಜಗಳವಿಲ್ಲ. ಆದರೆ ಆ ಶೆಡ್ಡಿನ ಮೇಲೆ ಮಾವನವರ ಕಣ್ಣು ಬಹಳ ಕಾಲದಿಂದ ಇತ್ತು. ಮಂಚದ ಹಾಸುಗಳನ್ನು ಒಂದು ಕಡೆಯಿಂದ ತುರುಕಿದರೆ ಇನ್ನೊಂದು ಕಡೆಯಿಂದ ಹಪ್ಪಳದಂತೆ ಹೊರಬರುವ ದೊಡ್ಡ ರೋಲರ್ ಇಸ್ತ್ರಿ ಯಂತ್ರವನ್ನು ಅಲ್ಲಿ ತಂದು ಕೂರಿಸುವುದು ಅವರ ಕನಸು. ಅವರು ಕನಸಿನಲ್ಲೂ ಹಾಸು ಮಡಚುತ್ತಾರೆ ಎಂದು ಅತ್ತೆ ಹೇಳುವುದುಂಟು.

"ಆ ಶೆಡ್ಡಲ್ಲಿ ನೆಲ ಬೆವರುತ್ತೆ. ಒಂದು ಚಳಿಗಾಲ ನಿಂತ್ರೆ ನಿನ್ನ ಕಾರು ಅಣಬೆ ತೋಟ ಆಗುತ್ತೆ, ನೋಡ್ತಿರು" ಎಂದರು ಮಾವನವರು.

"ಆಗದೇ ಇದ್ರೆ?"

"ಆಗದೇ ಇದ್ರೆ ಶೆಡ್ಡು ನಿಂದು, ನಾನು ರೋಲರಿನ ಮಾತೆತ್ತಲ್ಲ. ಅಣಬೆ ಬೆಳೆದ್ರೆ ಕಾರು ಮಾರ್ತೀಯ."

ಕರಾರಾಯಿತು. ಹಿಮ ಕರಗಿದ ಮೇಲೆ ತಕರಾರು ಮಾವನೇ ಬಂದು, ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು ಮೂಸಿ ನೋಡಬೇಕು. ಕಣ್ಣು ಮಂಜಾದಷ್ಟೂ ಅವರ ಮೂಗು ಚುರುಕಾಗಿತ್ತು. ಹೆಂಡತಿಯ ಕಡೆಯವರು ತೀರ್ಪುಗಾರರಾಗುವುದಕ್ಕೆ ಮಾವನವರ ಆಕ್ಷೇಪಣೆ ಇರಲಿಲ್ಲ. ಯಾವುದನ್ನಾದರೂ ಚೆನ್ನಾಗಿದೆ ಎಂದು ತಮ್ಮ ಭಾವ ಹೇಳಿದ್ದನ್ನು ಅವರು ಈವರೆಗೆ ಕೇಳಿರಲಿಲ್ಲ.

ಅತ್ತೆ ಸೆರಗು ಸಿಕ್ಕಿಸಿ ನಿಂತರು. ಕಾರನ್ನು ತೊಳೆದದ್ದಾಯಿತು. ತಳಕ್ಕೆ ನೀರು ಹೊಡೆದು, ಒರೆಸಿ, ಮೇಣ ಹಚ್ಚಿದ್ದಾಯಿತು. ಖಾಲಿ ಟ್ಯಾಂಕಿನಲ್ಲಿ ಪಸೆ ಕೂರುತ್ತದೆಂದು ಬಾಯಿಮಟ್ಟ ಪೆಟ್ರೋಲು ತುಂಬಿಸಿದರು. ಬ್ಯಾಟರಿ ಬಿಚ್ಚಿ ಮೇಲೆ ತಂದು ನನ್ನ ಬರೆಯುವ ಮೇಜಿನ ಕೆಳಗಿಟ್ಟರು. ಬೆಚ್ಚಗಿನ ಜಾಗ ಮನೆಯಲ್ಲಿ ಅದೊಂದೇ ಅಂತೆ. ಹೊಗೆ ಕೊಳವೆಯ ಬಾಯಿಗೆ ಇಲಿ ನುಗ್ಗದಂತೆ ಬಟ್ಟೆ ತುರುಕಿದರು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕಾರನ್ನು ನಿಲ್ಲಿಸಿದೆವು. ಕೊನೆಗೆ, ಒಗೆದ ಬಟ್ಟೆ ಇಡುವ ಕೋಣೆಯಿಂದ ತೇವದ ಡಬ್ಬಿಗಳು ಬಂದವು. ಮೇಲೊಂದು ತೂತಿನ ತಟ್ಟೆ, ಅದರಲ್ಲಿ ಗಾಳಿಯ ಪಸೆ ಹೀರುವ ಬಿಳಿ ಹರಳುಪ್ಪು, ಕೆಳಗೆ ನೀರಿಳಿಯಲು ಪಾತ್ರೆ, ಇಷ್ಟೇ ಡಬ್ಬಿ. ಸೀಟಿಗೊಂದರಂತೆ ಇಟ್ಟು, ಅತ್ತೆ ಬಾಗಿಲು ಮುಚ್ಚಿ, ಪರೀಕ್ಷೆಗೆ ಮಕ್ಕಳನ್ನು ಬಿಟ್ಟು ಬಂದ ತಾಯಿಯಂತೆ ಹೊರಗೆ ನಿಂತುಕೊಂಡರು.

ಮಾರನೆಯ ಬೆಳಿಗ್ಗೆ ನಾವೆಲ್ಲ ಹಲ್ಲು ಕೂಡ ಉಜ್ಜದೆ ಶೆಡ್ಡಿಗೆ ಓಡಿದೆವು. ಡಬ್ಬಿಯ ತಳದಲ್ಲಿ ಒಂದು ಚಮಚದಷ್ಟು ನೀರಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು.

ವಾರ ಕಳೆಯುವಷ್ಟರಲ್ಲಿ ಚಮಚ ಲೋಟವಾಯಿತು. ಮತ್ತೊಂದು ವಾರಕ್ಕೆ ಡಬ್ಬಿಗಳು ತುಂಬಿ ತುಳುಕತೊಡಗಿದವು. ಅತ್ತೆ ಬಕೀಟಿಗೆ ಸುರಿದು, ಹೊಸ ಉಪ್ಪು ಹಾಕಿ, ಡಬ್ಬಿಗಳ ಸಂಖ್ಯೆ ಹೆಚ್ಚಿಸಿದರು. ಅವೂ ತುಂಬಿದವು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಬೆಳಿಗ್ಗೆ ಬಟ್ಟೆ ಕೊಡಲು ಬಂದ ಗಿರಾಕಿಗಳಿಗೆ ನನ್ನ ಹೆಂಡತಿ ಕೌಂಟರಿನಿಂದಲೇ ಸುದ್ದಿ ಹೇಳುತ್ತಿದ್ದಳು. ಇವತ್ತು ಎಷ್ಟು ಬಂತು ಎಂದು ಈಜುಕೊಳದ ಮ್ಯಾನೇಜರು, ದಿನಾ ಟವೆಲಿನ ಗಂಟು ಇಳಿಸುವಾಗ, ಕುತೂಹಲದಿಂದ ವಿಚಾರಿಸುತ್ತಿದ್ದರು. ಕಾರಿನ ಗಾಜುಗಳ ಒಳಮೈಗೆ ಹನಿ ಕಟ್ಟಿ ಇಳಿಯುತ್ತಿದ್ದುದನ್ನೂ ಅತ್ತೆ ನನಗೆ ಕರೆದು ತೋರಿಸಿದರು. ಸೀಟಿನೊಳಗೆ ವರ್ಷಾನುಗಟ್ಟಲೆ ಅಡಗಿದ್ದ ತೇವ ಸೋತು ಹೊರಬರುತ್ತಿದೆಯಂತೆ.

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಲಾಂಡ್ರಿಯವರ ಮನಸ್ಸನ್ನು ಅರ್ಥ ಮಾಡಿಕೊಳ್ಳಬೇಕು. ಅವರ ಪಾಲಿಗೆ ಜಗತ್ತಿನಲ್ಲಿ ಒಂದೇ ನಿಯಮ: ಎಷ್ಟು ನೀರು ಹೊರಬಿತ್ತೋ ಅಷ್ಟು ಒಣಗಿತು. ಯಂತ್ರ ಗಿರ್ರನೆ ತಿರುಗಿ, ಕೆಳಗಿನ ಕೊಳವೆಯಿಂದ ನೀರು ದಬದಬ ಸುರಿದರೆ ಅವರ ಮುಖ ಅರಳುತ್ತದೆ. ಒಮ್ಮೆ ನಾನು, ಬಕೀಟು ಎತ್ತಿ ಕೊಡುತ್ತಾ, ಇಷ್ಟು ನೀರು ಒಂದು ಸಣ್ಣ ಕಾರಿನಲ್ಲಿ ಎಲ್ಲಿತ್ತು ಎಂದು ಕೇಳಿಬಿಟ್ಟೆ. ನನ್ನ ಹೆಂಡತಿ ನನ್ನನ್ನು ಮರುಕದಿಂದ ನೋಡಿ, "ಒಂದು ಒದ್ದೆ ಕಂಬಳೀಲಿ ಎಷ್ಟು ನೀರಿರುತ್ತೆ ಗೊತ್ತಾ ನಿಮಗೆ?" ಎಂದಳು. ಗೊತ್ತಿರಲಿಲ್ಲ. ನಾನು ಪತ್ರಿಕೆಯಲ್ಲಿ ಕರಡು ತಿದ್ದುವವನು.

ಸಂಭ್ರಮಕ್ಕೆ ಇನ್ನೊಂದು ಮುಖವೂ ಇತ್ತು. ದಿನಾ ಸಾಯಂಕಾಲ ಕೆಲಸ ಮುಗಿದ ಮೇಲೆ ಅತ್ತೆ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಶೆಡ್ಡಿಗೆ ಹೋಗುತ್ತಿದ್ದರು. ಎರಡೂ ದಿಂಬು ಇಟ್ಟು, ಚಾಲಕರ ಸೀಟಿನಲ್ಲಿ ಕೂತು, ಚಳಿಗೆ ಗಾಜು ಏರಿಸಿಕೊಂಡು, ಕೈ ಮರೆಯಬಾರದೆಂದು ಅಭ್ಯಾಸ ಮಾಡುತ್ತಿದ್ದರು. ಸರೋವರದ ರಸ್ತೆಯ ತಿರುವುಗಳೆಲ್ಲ ಅವರಿಗೆ ಬಾಯಿಪಾಠ. ಇಲ್ಲಿ ಗೇರು ಇಳಿಸಬೇಕು, ಇಲ್ಲಿ ಹಾರನ್ನು, ಇಲ್ಲಿ ಅಣ್ಣನಿಗೆ ನೀರು ತೋರಿಸಲು ನಿಧಾನ ಮಾಡಬೇಕು. ಒಂದು ದಿನ ಊಟಕ್ಕೆ ಕರೆಯಲು ಹೋದಾಗ ಬಾಗಿಲು ತಟ್ಟಿದೆ. ಸ್ವಲ್ಪ ತಾಳಿ, ಏರು ಹತ್ತುತ್ತಿದ್ದೇನೆ ಎಂದು ಒಳಗಿಂದ ಕೈಸನ್ನೆ ಮಾಡಿದರು.

ಮಾವನವರು ಮಾತ್ರ ಈ ಜಾತ್ರೆಯಿಂದ ದೂರವಿದ್ದರು. ಬಕೀಟುಗಳು ತಮ್ಮ ಮುಂದೆ ಹಾದು ಹೋಗುವಾಗ ಒಂದು ನಗೆ ನಕ್ಕು, ರೋಲರ್ ಯಂತ್ರದ ಚಿತ್ರವಿದ್ದ ಕ್ಯಾಲೆಂಡರಿನ ಕಡೆಗೆ ಮುಖ ತಿರುಗಿಸುತ್ತಿದ್ದರು. ಸೋಲುವ ಮನುಷ್ಯ ಇಷ್ಟು ಸಮಾಧಾನದಿಂದ ನಗುವುದು ನನಗೆ ವಿಚಿತ್ರವಾಗಿ ಕಂಡಿತು. ಗೆಲ್ಲುವ ಮನುಷ್ಯನ ನಗೆಯೂ ಅದಾಗಿರಲಿಲ್ಲ.

ಚಳಿ ನಟ್ಟ ನಡುವಿನಲ್ಲಿದ್ದಾಗ ಲಾಂಡ್ರಿಯ ದೊಡ್ಡ ಡ್ರೈಯರಿನ ಬೆಲ್ಟು ಹರಿಯಿತು. ರಿಪೇರಿಯವರು ನಾಳೆ ಬರುತ್ತೇವೆಂದು ಹೇಳುತ್ತಾ ಮೂರು ದಿನ ಕಳೆದರು. ಒದ್ದೆ ಟವೆಲುಗಳನ್ನು ಮೆಟ್ಟಿಲ ಕಟಾಂಜನದ ಮೇಲೆ, ನಮ್ಮ ಮಂಚದ ಮೇಲೆ, ನನ್ನ ಕುರ್ಚಿಯ ಮೇಲೆ ಹರವಿದರು. ಈ ಗಲಾಟೆಯ ನಡುವೆಯೇ ಒಂದು ಬೆಳಿಗ್ಗೆ ಅತ್ತೆ ಶೆಡ್ಡಿನಿಂದ ಖಾಲಿ ಬಕೀಟು ಹಿಡಿದು ಬಂದರು.

ಡಬ್ಬಿಗಳಲ್ಲಿ ನೀರು ಬಿದ್ದಿರಲಿಲ್ಲ. ಮರುದಿನವೂ ಹನಿಯಿಲ್ಲ. ಮನೆಗೆ ಸೂತಕ ಬಡಿದಂತಾಯಿತು. ಉಪ್ಪು ಹಳೆಯದಾಯಿತೇನೋ ಎಂದಳು ನನ್ನ ಹೆಂಡತಿ. ಹೊಸ ಉಪ್ಪು ಹಾಕಿದರು; ಅದೂ ಗರಿಗರಿಯಾಗಿ ಕೂತಿತ್ತು. ಬಹುಶಃ ಕಾರು ಪೂರ್ತಿ ಒಣಗಿರಬಹುದು ಎಂದು ನಾನು ಧೈರ್ಯ ಹೇಳಿದೆ. ಆ ಮಾತಿಗೆ ಅತ್ತೆಯ ಮುಖ ಬೆಳಗಿ, ಖಾತ್ರಿ ಮಾಡಿಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟನ್ನು ಎತ್ತಿಸಿದರು.

ನೆಲಹಾಸಿನ ಮೇಲೆ ಅಂಗೈ ಅಗಲಕ್ಕೆ ಹಸಿರು ಬೂಷ್ಟು ಬೆಳೆದಿತ್ತು.

ಅತ್ತೆ ಕಿರುಚಲಿಲ್ಲ. ಬಗ್ಗಿ ಮೂಸಿದರು. ಬಾಗಿಲ ಸಂದಿಯಲ್ಲಿ ಬೆರಳಾಡಿಸಿದರು. ಆಮೇಲೆ ಮುಂದಿನ ಗಾಜಿನ ಹತ್ತಿರ ಹೋಗಿ, ಅದನ್ನೊರೆಸುವ ಕಡ್ಡಿಗೆ ಅಂಟಿಕೊಂಡಿದ್ದ ಏನನ್ನೋ ಚಿವುಟಿ ತೆಗೆದು, ಎರಡು ಬೆರಳ ನಡುವೆ ಹೊಸಕಿ ನೋಡಿದರು. ಗುಲಾಬಿ ಬಣ್ಣದ ಜುಂಗು, ಒಣ ಬಟ್ಟೆಯಿಂದ ಉದುರುವ ನೂಲಿನ ಧೂಳು. ಬಾನೆಟ್ಟಿನ ಮೇಲೆ, ಬಾಗಿಲ ಹಿಡಿಯ ಸಂದಿಯಲ್ಲಿ, ಎಲ್ಲೆಡೆ ಅದು ತೆಳ್ಳಗೆ ಕೂತಿತ್ತು. ನಾನು ದಿನಾ ನೋಡಿ ಧೂಳೆಂದುಕೊಂಡದ್ದು ಅದೇ.

ಅತ್ತೆ ಅದನ್ನು ಕಡಲೆಗಾತ್ರದ ಉಂಡೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡರು. ಡ್ರೈಯರು ಯಾವತ್ತು ಕೆಟ್ಟದ್ದು ಎಂದು ನನ್ನನ್ನು ಕೇಳಿದರು. ಡಬ್ಬಿಗಳು ಒಣಗಿದ ಹಿಂದಿನ ದಿನ ಎಂದು ನಾನು ಹೇಳಿದೆ. ಹೇಳುವಾಗಲೇ ನನಗೂ ಏನೋ ಹೊಳೆಯಿತು.

ಮಾವನವರು ಮೇಲೆ ತಿಂಡಿ ತಿನ್ನುತ್ತಿದ್ದರು. ಅತ್ತೆ ಉಂಡೆಯನ್ನು ತಟ್ಟೆಯ ಪಕ್ಕದಲ್ಲಿಟ್ಟರು.

"ಇದು ಯಾರದು, ಹೇಳ್ರಿ."

ಕಸುಬು ಎಂದರೆ ಕಸುಬೇ. ಮಾವನವರು ಕನ್ನಡಕ ಕೂಡ ಹಾಕಿಕೊಳ್ಳದೆ, ಉಂಡೆಯನ್ನು ಒಮ್ಮೆ ಮುಟ್ಟಿ, "ಈಜುಕೊಳದ ಟವೆಲ್ದು" ಎಂದರು.

"ನನ್ನ ಕಾರು ಈಜೋಕೆ ಹೋಗಿತ್ತಾ?"

ಮಾವನವರ ಕೈಯ ತುತ್ತು ತಟ್ಟೆಗೆ ಮರಳಿತು.

ನಾವೆಲ್ಲ ಮೆರವಣಿಗೆಯಲ್ಲಿ ಶೆಡ್ಡಿಗೆ ಇಳಿದೆವು. ಮಾವನವರೇ ಮುಂದೆ. ಲಾಂಡ್ರಿಯ ಗೋಡೆಗೆ ಆನಿಸಿದ್ದ ಹಳೇ ಕಪಾಟನ್ನು ಅವರೇ ಸರಿಸಿದರು. ಅದರ ಹಿಂದೆ ಗೋಡೆಯಲ್ಲಿ ಗುಂಡನೆಯ ತೂತು. ತೂತಿನಿಂದ ಆನೆಯ ಸೊಂಡಿಲಿನಂಥ ಬೆಳ್ಳಿ ಬಣ್ಣದ ಕೊಳವೆ ಇಣುಕುತ್ತಿತ್ತು. ಡ್ರೈಯರಿನ ಬಿಸಿಗಾಳಿ ಹೊರಗೆ ಬೀದಿಗೆ ಹೋಗಬೇಕು. ಮಾವನವರು ಅದರ ದಿಕ್ಕು ತಪ್ಪಿಸಿ ಶೆಡ್ಡಿಗೆ ತಿರುಗಿಸಿದ್ದರು. ಕಾರು ನಿಲ್ಲಿಸಿದ ಮೊದಲ ವಾರದಲ್ಲೇ, ಅತ್ತೆ ಮಾರುಕಟ್ಟೆಗೆ ಹೋಗಿದ್ದಾಗ, ತೂತು ಕೊರೆದಿದ್ದರು. ಅಲ್ಲಿಂದೀಚೆಗೆ ಈಜುಕೊಳದ ಟವೆಲುಗಳು ಕುಡಿದು ಬಂದ ನೀರೆಲ್ಲ ಹಬೆಯಾಗಿ, ಗೋಡೆ ದಾಟಿ, ಬಾಗಿಲ ಸಂದಿಯಿಂದ ತಣ್ಣಗಿನ ಕಾರಿನೊಳಗೆ ನುಗ್ಗಿ, ಮತ್ತೆ ನೀರಾಗಿ, ಅತ್ತೆಯ ಡಬ್ಬಿಗೆ ಬಿದ್ದು, ಬಕೀಟು ಬಕೀಟಾಗಿ ನಮ್ಮನ್ನು ಕುಣಿಸಿತ್ತು.

ಸೋಲಿಸಲು ಮಾಡಿದ್ದು ಎಂದೇ ನನ್ನ ಹೆಂಡತಿ ತಿಳಿದಳು. ರೋಲರ್ ಯಂತ್ರಕ್ಕಾಗಿ ಇಷ್ಟು ಕೀಳುಮಟ್ಟಕ್ಕೆ ಇಳಿಯುವುದೇ ಎಂದು ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಅತ್ತೆ ಅವಳನ್ನು ತಡೆದರು. ಗಂಡನ ಮುಖವನ್ನು ಅವರು ಬಹಳ ವರ್ಷಗಳಿಂದ ಓದುತ್ತಿದ್ದರು.

"ಯಾಕೆ ಹಾಕಿದ್ರಿ ಇದನ್ನ?"

"ಬೆಚ್ಚಗಿರ್ಲಿ ಅಂತ. ಬಿಸಿಗಾಳಿ ಮುಂದೆ ತೇವ ನಿಲ್ಲುತ್ತಾ ಅಂದ್ಕೊಂಡೆ."

"ನಿಮಗೆ ರೋಲರ್ ಬೇಕಿತ್ತಲ್ಲ?"

"ಬೇಕಿತ್ತು. ಈಗ್ಲೂ ಬೇಕು." ಮಾವನವರು ಕೊಳವೆಯ ಬಾಯನ್ನೇ ನೋಡುತ್ತಾ ನಿಂತರು. "ಸಾಯಂಕಾಲ ನೀನಿಲ್ಲಿ ಕೂತು ಬಾಯಲ್ಲಿ ಡುರ್‍ರ್ ಅಂತಿದ್ದೆಯಲ್ಲ, ಅದು ಗೋಡೆಯಾಚೆ ಕೇಳಿಸ್ತಿತ್ತು. ಆಮೇಲೆ ರೋಲರಿನ ಮೇಲೆ ಮನಸ್ಸು ನಿಲ್ಲಲಿಲ್ಲ."

ಅತ್ತೆಯ ಕಿವಿ ಕೆಂಪಾಯಿತು. ಬಾಯಲ್ಲಿ ಎಂಜಿನ್ನಿನ ಸದ್ದು ಮಾಡುತ್ತಿದ್ದುದು ಯಾರಿಗೂ ಗೊತ್ತಿಲ್ಲವೆಂದು ಅವರು ತಿಳಿದಿದ್ದರು. ಮಾವನವರಿಗೆ ತಾವು ಮೆತ್ತಗಾದದ್ದು ಅರಿವಾಗಿ, ಕೂಡಲೇ ಸೊಂಟಕ್ಕೆ ಕೈ ಕೊಟ್ಟರು. ತಪ್ಪೆಲ್ಲ ನನ್ನ ಮೇಲೇ ಯಾಕೆ, ಗಾಜು ಏರಿಸಿಕೊಂಡು ಒಳಗೆ ಕೂತು ಗಂಟೆಗಟ್ಟಲೆ ಉಸಿರು ಬಿಟ್ಟವರು ಯಾರು, ಹಬೆಯಾಡುವ ಚಹಾ ಕುಡಿದವರು ಯಾರು ಎಂದು ವಿಚಾರಣೆ ಶುರು ಮಾಡಿದರು. ಅತ್ತೆ, ನನ್ನ ಉಸಿರಿನಲ್ಲಿ ಜುಂಗು ಬರುವುದಿಲ್ಲ ಎಂದರು. ಇಬ್ಬರೂ ಕೂಡಿ ಆ ಕಾರನ್ನು ಪ್ರೀತಿಯಿಂದಲೇ ಕೊಳೆಯಿಸಿದ್ದರು ಎಂಬುದು ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು.

ಹೀಗಿರುವಾಗ ಕರಾರನ್ನು ರದ್ದು ಮಾಡಿ, ಅಪ್ಪನಿಗೂ ಮನಸ್ಸಿಲ್ಲವಲ್ಲ ಎಂದಳು ನನ್ನ ಹೆಂಡತಿ. ಮಾವನವರು ಆಗಲೇ ತಲೆಯಾಡಿಸಿದ್ದರು. ಅತ್ತೆ ಒಪ್ಪಲಿಲ್ಲ.

"ಕರಾರು ಹಾಗೇ ಇರ್ಲಿ. ಅಣ್ಣ ಈ ಸೀಟಲ್ಲಿ ಕೂತಾಗ, ಇದು ನಿನ್ನ ಗಂಡ ಕನಿಕರ ಪಟ್ಟು ಬಿಟ್ಟ ಕಾರು ಅನ್ನಬಾರದು. ಒಣಗಿಸ್ತೀನಿ. ಆಗದಿದ್ರೆ ಮಾರ್ತೀನಿ."

ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ, ದಂಡಿನ ಪಾಳೆಯವಾಯಿತು. ದಂಡನಾಯಕಿ ಅತ್ತೆ. ಅವರ ವಿರುದ್ಧವೇ ಪಂದ್ಯ ಕಟ್ಟಿದ್ದ ಮಾವನವರು ಅತ್ಯಂತ ಉತ್ಸಾಹದ ಸಿಪಾಯಿ. ಮೊದಲು ಅವರೇ ಕೊಳವೆ ಕಿತ್ತು ಬೀದಿಗೆ ತಿರುಗಿಸಿ, ತೂತಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿದರು. ಮೆತ್ತಿದ್ದು ಸಾಲದೆಂದು ಒಂದು ದಿನ ಬಿಟ್ಟು ಮತ್ತೆ ಮೆತ್ತಿದರು.

ಹೊರಗೆ ಮೋಡವಿಲ್ಲದ, ಮೂಗು ಉದುರಿ ಹೋಗುವಂಥ ಚಳಿಯ ದಿನ ಬರಲೆಂದು ಕಾದೆವು. ಒಣ ಗಾಳಿ ಸಿಕ್ಕುವುದು ಅಂಥ ದಿನವೇ ಎಂದು ಅತ್ತೆ ಈಗ ಕಂಡುಕೊಂಡಿದ್ದರು. ನಡುಚಳಿಯಲ್ಲೂ ಹಗ್ಗದ ಮೇಲೆ ಹಾಸು ಒಣಗುವುದನ್ನು ಜೀವಮಾನವಿಡೀ ನೋಡಿದವರು ಕಾರಿನ ವಿಷಯದಲ್ಲಿ ಮರೆತಿದ್ದೆನಲ್ಲ ಎಂದು ಹಣೆ ಬಡಿದುಕೊಂಡರು. ಅಂಗಳದ ಹಿಮ ಗೋರಿ, ಕಾರನ್ನು ತಳ್ಳಿ ಹೊರಗೆ ತಂದೆವು. ಬಾಗಿಲುಗಳು, ಡಿಕ್ಕಿ, ಬಾನೆಟ್ಟು ಎಲ್ಲ ಹಾರು ತೆರೆದು ನಿಲ್ಲಿಸಿದೆವು. ಕಾರು ರೆಕ್ಕೆ ಬಿಚ್ಚಿದ ಜೀರುಂಡೆಯಂತೆ ಕಾಣುತ್ತಿತ್ತು. ಸೀಟುಗಳನ್ನು ಬಿಚ್ಚಿ ಮೇಲೆ ಊಟದ ಕೋಣೆಗೆ ಸಾಗಿಸಿದೆವು. ಆ ವಾರವೆಲ್ಲ ನಾವು ಊಟ ಮಾಡಿದ್ದು ಕಾರಿನ ಸೀಟಿನ ಮೇಲೆ ಕೂತೇ. ಸೀಟು ಬೆಲ್ಟು ಹಾಕಿಕೊಂಡರೆ ಸಾರು ಚೆಲ್ಲುವುದಿಲ್ಲ ಎಂದು ಮಾವನವರು ಸಲಹೆ ಕೊಟ್ಟರು.

ನೆಲಹಾಸು ಲಾಂಡ್ರಿಗೆ ಹೋಯಿತು. ಅಲ್ಲಿ ಗಂಡ ಹೆಂಡತಿಯ ಕೈ ನೋಡಬೇಕಿತ್ತು. ವಿನೆಗರು ಸವರಿ ಬೂಷ್ಟನ್ನು ಬ್ರಷ್ಷಿನಿಂದ ತಿಕ್ಕಿ, ತೊಳೆದು, ಹಿಂಡಿ, ರಿಪೇರಿಯಾದ ಡ್ರೈಯರಿನ ಬಿಸಿಗೆ ಎಷ್ಟು ಬೇಕೋ ಅಷ್ಟೇ ಒಡ್ಡಿ, ತೆಗೆದು, ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು. ಕೈಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದಂತೆ. ಇಬ್ಬರೂ ಆ ತುಂಡು ನೆಲಹಾಸಿಗೆ ಎರಡೂ ಕಡೆಯಿಂದ ಕೆನ್ನೆಯೊತ್ತಿ ಕಣ್ಣು ಮುಚ್ಚಿ ನಿಂತದ್ದನ್ನು ನೋಡಿ, ಟವೆಲು ಕೊಡಲು ಬಂದ ಈಜುಕೊಳದ ಮ್ಯಾನೇಜರು ಬಾಗಿಲಿನಿಂದಲೇ ಹಿಂದೆ ಸರಿದರು.

ಮತ್ತೆ ಜೋಡಿಸಿದ ಕಾರು ಶೆಡ್ಡಿಗೆ ಮರಳಿದಾಗ ಕಾನೂನುಗಳು ಹೊಸದಾಗಿದ್ದವು. ಗಾಜುಗಳನ್ನು ಒಂದು ಬೆರಳಷ್ಟು ಇಳಿಸಿರಬೇಕು. ಶೆಡ್ಡಿನ ಮೇಲಿನ ಕಿಂಡಿ ಚಳಿಯ ದಿನ ತೆರೆದಿರಬೇಕು, ಮಂಜು ಸುರಿಯುವ ದಿನ ಮುಚ್ಚಿರಬೇಕು. ಪ್ಲಾಸ್ಟಿಕ್ಕಿನ ಹೊದಿಕೆ ಬೆವರುತ್ತದೆಂದು ಮಾವನವರು ಹೋಟೆಲಿನ ಹಳೇ ಹತ್ತಿ ಹಾಸುಗಳನ್ನು ಜೋಡಿಸಿ ಕಾರಿನ ಅಳತೆಗೆ ನಿಲುವಂಗಿಯೊಂದನ್ನು ಹೊಲಿದರು. ಕನ್ನಡಿಗಳಿಗೆ ತೋಳು ಕೂಡ ಇಟ್ಟಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಯಾರೂ ಕೂರಕೂಡದು. ಅತ್ತೆಯ ಅಭ್ಯಾಸ ಮೇಲೆ ಊಟದ ಕೋಣೆಗೆ ವರ್ಗವಾಯಿತು. ಕುರ್ಚಿಯ ಮೇಲೆ ದಿಂಬು, ಕೈಯಲ್ಲಿ ದೊಡ್ಡ ತಟ್ಟೆ. ಈಗ ಗುಟ್ಟು ಬಯಲಾಗಿದ್ದರಿಂದ ಎಂಜಿನ್ನಿನ ಸದ್ದು ನಿಸ್ಸಂಕೋಚವಾಗಿ ಬರುತ್ತಿತ್ತು. ಮಾವನವರು ಪಕ್ಕದ ಕುರ್ಚಿಯಲ್ಲಿ ಕೂತು ಎದುರಿಗೆ ಲಾರಿ ಬರುತ್ತಿದೆ ಎಂದು ಹೆದರಿಸುತ್ತಿದ್ದರು.

ಡಬ್ಬಿಗಳು? ಒಂದೇ ಒಂದು ಉಳಿಯಿತು. ದಿನಾ ಬೆಳಿಗ್ಗೆ ಓಡುವುದು ತಪ್ಪಲಿಲ್ಲ. ಆದರೆ ಈಗ ಅದರಲ್ಲಿ ನೀರಿಲ್ಲದಿರುವುದೇ ಹಬ್ಬ. ತಳ ಒಣಗಿದೆ ಎಂದು ಅತ್ತೆ ಅಂಗಳದಿಂದ ಕೂಗಿದರೆ ಮಾವನವರು ಕಿಟಕಿಯಿಂದ ಟವೆಲು ಬೀಸುತ್ತಿದ್ದರು. ಖಾಲಿ ಡಬ್ಬಿಗೆ ಮನುಷ್ಯರು ಇಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೂರಿನ ಅಂಚಿನಿಂದ ನೀರು ತೊಟ್ಟಿಕ್ಕತೊಡಗಿ, ಬೀದಿಯ ಉಪ್ಪನ್ನು ಮೊದಲ ಮಳೆ ತೊಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ತಕರಾರು ಮಾವ ಬಂದರು. ಕೋಲು ಊರಿಕೊಂಡು, ಟೋಪಿ ಇಟ್ಟುಕೊಂಡು, ಮೆಟ್ಟಿಲುಗಳು ಹೆಚ್ಚಾಗಿವೆ ಎನ್ನುತ್ತಾ ಬಂದರು. ಚಳಿಗಾಲದಲ್ಲಿ ಏನು ನಡೆಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಕೂಡದೆಂದು ಅತ್ತೆಯ ಅಪ್ಪಣೆ.

ನಿಲುವಂಗಿ ಬಿಚ್ಚಿದೆವು. ಅವರು ಹಿಂದಿನ ಸೀಟಿಗೆ ಹೋಗಿ ಕೂತು ಬಾಗಿಲು ಎಳೆದುಕೊಂಡರು. ಗಾಜು ಪೂರ್ತಿ ಏರಿಸಿರೆಂದು ಸನ್ನೆ ಮಾಡಿದರು. ಆಮೇಲೆ ಬಗ್ಗಿದರು. ನಮಗೆ ಅವರ ಟೋಪಿಯ ನೆತ್ತಿಯಷ್ಟೇ ಕಾಣುತ್ತಿತ್ತು. ಅತ್ತೆ ನನ್ನ ಹೆಂಡತಿಯ ಕೈ ಹಿಡಿದಿದ್ದರು. ಮಾವನವರು ಅತ್ತೆಯ ದಿಂಬುಗಳೆರಡನ್ನೂ ಎದೆಗವಚಿಕೊಂಡು, ತುಟಿ ಕಚ್ಚಿಕೊಂಡು, ತಮ್ಮ ರೋಲರ್ ಯಂತ್ರ ಸೋಲಲೆಂದು ಹಾರೈಸುತ್ತಾ ನಿಂತಿದ್ದರು.

ಬಾಗಿಲು ತೆರೆಯಿತು. ತಕರಾರು ಮಾವ ಕೋಲು ಊರಿ ಕೆಳಗಿಳಿದು ಶುರು ಮಾಡಿದರು. ಸೀಟಿನ ಸ್ಪ್ರಿಂಗು ಚುಚ್ಚುತ್ತದೆ. ಮೇಣ ಹಚ್ಚಿದ್ದು ಅತಿಯಾಯಿತು, ಕೈ ಜಾರುತ್ತದೆ. ಬಾಗಿಲು ಮೊದಲು ಇಷ್ಟು ಸದ್ದು ಮಾಡುತ್ತಿರಲಿಲ್ಲ. ಆ ಬಿಳಿ ನಿಲುವಂಗಿ ನೋಡಿದರೆ ಕಾರೋ ಕಾಯಿಲೆಯವರೋ ತಿಳಿಯುವುದಿಲ್ಲ.

ಮಾವನವರಿಗೆ ತಡೆಯಲಾಗಲಿಲ್ಲ. "ಭಾವ, ಅದೆಲ್ಲ ಇರ್ಲಿ. ತೇವದ ಬಗ್ಗೆ ಹೇಳಿ."

"ಯಾವ ತೇವ? ಇಷ್ಟು ಒಣಗಿಸಿದ್ರೆ ಒಳಗೆ ಕೂತವರ ಗತಿಯೇನು? ಗಂಟಲು ಆರಿಹೋಯ್ತು ನಂಗೆ. ಒಂದು ಲೋಟ ನೀರು ಕೊಡಿ ಮೊದ್ಲು."

ನೀರು ತರಲು ಓಡಿದವರು ಮಾವನವರು. ಓಡುವಾಗ ದಿಂಬುಗಳನ್ನು ನನ್ನ ಮೇಲೆ ಎಸೆದರು.

ನನ್ನ ಮೇಜಿನ ಕೆಳಗಿನಿಂದ ಬ್ಯಾಟರಿ ಬಂತು. ಹೊಗೆ ಕೊಳವೆಯ ಬಟ್ಟೆ ಕಿತ್ತೆವು. ಅತ್ತೆ ದಿಂಬುಗಳ ಮೇಲೆ ಕೂತು, ಕೀಲಿಕೈ ತಿರುಗಿಸಿದರು. ಕಾರು ಕೆಮ್ಮಿತು. ಮತ್ತೆ ತಿರುಗಿಸಿದರು. ಇನ್ನೊಮ್ಮೆ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಡುರ್‍ರ್ ಎಂದಿತು. ಅತ್ತೆ ಚಳಿಗಾಲವೆಲ್ಲ ಬಾಯಲ್ಲಿ ಮಾಡಿದ ಸದ್ದಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ತಕರಾರು ಮಾವ ಮುಂದಿನ ಸೀಟಿಗೆ ಬಂದರು. ಮಾವನವರು ಕರೆಯದಿದ್ದರೂ ಹಿಂದಿನ ಸೀಟಿಗೆ ಹತ್ತಿ, ಬೂಷ್ಟಿದ್ದ ಜಾಗದ ಮೇಲೆ ಸರಿಯಾಗಿ ಪಾದ ಊರಿ ಕೂತರು. ಕಾರು ಅಂಗಳದ ಗೇಟಿನ ಕಂಬವನ್ನು ಸ್ವಲ್ಪದರಲ್ಲಿ ಉಳಿಸಿ ಬೀದಿಗೆ ಇಳಿಯಿತು. ಬಲಕ್ಕೆ ತಿರುಗು, ನಿಧಾನ, ಹಾರನ್ನು ಯಾಕೆ ಹೊಡೆದೆ, ಯಾಕೆ ಹೊಡೆಯಲಿಲ್ಲ ಎಂಬ ಅಣ್ಣನ ದನಿ ತಿರುವಿನವರೆಗೂ ಕೇಳಿಸುತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಮೂವರೂ ಮರಳಿದರು. ಸರೋವರ ಕಂಡಿತೇ ಎಂದು ನನ್ನ ಹೆಂಡತಿ ಕೇಳಿದಳು. ಕಂಡಿತು, ಮೊದಲಿಗಿಂತ ಸಣ್ಣದಾಗಿದೆ ಎಂದರು ತಕರಾರು ಮಾವ.

ಕಾರನ್ನು ಮಾರಲಿಲ್ಲ. ರೋಲರ್ ಯಂತ್ರ ಬರಲಿಲ್ಲ.